ಒಬ್ಬಳನ್ನೇ ಕೇಳುತ್ತಾರಂತೆ

೨೧ ಜೂನ್ ೧೯೮೭, ರವಿವಾರ. ಮಾನ್ವಿ

ಈ ಡೈರಿ ಸಹಕಾರಿ ಬ್ಯಾಂಕಿನವರು ಅಪ್ಪನಿಗೆ ಕೊಟ್ಟದ್ದು. ಆರು ತಿಂಗಳಿಂದ ಅದರ ಮೇಲೆ ಹೂಬತ್ತಿಯ ಡಬ್ಬಿ ಕೂತಿತ್ತು. ಇವತ್ತು ಡಬ್ಬಿ ಎತ್ತಿಟ್ಟು ಡೈರಿ ತೆಗೆದೆ. ನನ್ನ ನಲವತ್ತಮೂರು ವರ್ಷದಲ್ಲಿ ಬರೆದಿಡುವಂಥದ್ದು ಮೊದಲ ಸಲ ಆಗಿದೆ. ನಾನು ಲಂಡನ್ನಿಗೆ ಹೋಗುತ್ತೇನೆ. ಮಾನ್ವಿಯ ಅಹಲ್ಯಾಬಾಯಿ, ವಿಮಾನದಲ್ಲಿ, ಲಂಡನ್ನಿಗೆ! ಬರೆಯುವಾಗಲೇ ನಗು ಬರುತ್ತಿದೆ.

ಬೆಳಿಗ್ಗೆ ಅಪ್ಪ ಪೂಜೆ ಮುಗಿಸಿ ತೀರ್ಥ ಕೊಡುತ್ತ, ಕಂಬಕ್ಕೆ ಹೇಳಿದ ಹಾಗೆ ಹೇಳಿದರು. "ವಾದಿರಾಜನ ಪತ್ರ ಬಂದದ. ಪ್ರಕೃತಿ ನೆಟ್ಟಗಿಲ್ಲಂತ, ಪಿತ್ತ ಆಗೇದ. ಪಥ್ಯದ ಅಡಗಿ ಮಾಡಿ ಹಾಕಲಿಕ್ಕೆ ಮನಿ ಮಂದಿ ಬೇಕು. ಅಹಲ್ಯಾ ಹೋಗತಾಳ."

ನನ್ನ ಮುಖ ನೋಡಲಿಲ್ಲ. ಈ ಮನೆಯಲ್ಲಿ ನನ್ನನ್ನು ಕೇಳುವ ಪದ್ಧತಿ ಇಲ್ಲ. ಮದುವೆಗೂ ಕೇಳಲಿಲ್ಲ. ಹತ್ತೊಂಬತ್ತಕ್ಕೆ ದೇವದುರ್ಗಕ್ಕೆ ಕೊಟ್ಟರು, ಹದಿನಾಲ್ಕು ತಿಂಗಳಿಗೆ ಆತ ಜ್ವರ ಬಂದು ಹೋದ, ತಿರುಗಿ ಇಲ್ಲಿ ತಂದಿಟ್ಟರು. ಅಂದಿನಿಂದ ಒಲೆ, ಮಡಿನೀರು, ಹೂಬತ್ತಿ. ಆದರೆ ತಮ್ಮ ವಾದಿಯ ಮಾತು ಬೇರೆ. ನಾನು ತಿರುಗಿ ಬಂದಾಗ ಅವನಿಗೆ ಎಂಟು ವರ್ಷ, ಅವ್ವನಿಗೆ ಸದಾ ಸೊಂಟನೋವು. ಅವನಿಗೆ ಎಣ್ಣೆ ಹಚ್ಚಿ ಎರೆದವಳು, ಉಣ್ಣಿಸಿದವಳು, ಹಟ ಮಾಡಿದಾಗ ಎರಡು ಬಾರಿಸಿದವಳು ನಾನೇ. ಈಗ ಲಂಡನ್ನಿನ ರೈಲ್ವೆಯಲ್ಲಿ ಇಂಜಿನಿಯರು. ಮೂವತ್ತೊಂದಾದರೂ ಮದುವೆ ಒಲ್ಲೆ ಅನ್ನುತ್ತಾನೆ. ಅವನಿಗೆ ಅನ್ನ ಮಾಡಿ ಹಾಕಲಿಕ್ಕೆ ನಾನು ನಡೆದುಕೊಂಡಾದರೂ ಹೋದೇನು.

ಒಂದೇ ಸೋಜಿಗ. ಎಂಟು ವರ್ಷದ ಹಿಂದೆ ವಾದಿ ಸಮುದ್ರ ದಾಟಿ ಹೋಗಿ ಬಂದಾಗ ಪಂಚಗವ್ಯ ಕುಡಿಸಿ, ಜನಿವಾರ ಬದಲಿಸಿ, ಆಮೇಲೆ ಪಂಕ್ತಿಗೆ ಕೂಡಿಸಿಕೊಂಡವರು ಇದೇ ಅಪ್ಪ. ಮಾನ್ವಿಯಲ್ಲಿ ಶೇಷಗಿರಿ ಮಾಸ್ತರರ ನೇಮ ಎಂದರೆ ಗಡಿಯಾರ ಸರಿಮಾಡಿಕೊಳ್ಳುತ್ತಾರೆ. ಈಗ ಅವರ ವಿಧವೆ ಮಗಳು ಸಮುದ್ರ ದಾಟಬಹುದಂತೆ. "ಆಪದ್ಧರ್ಮ," ಎಂದರು. ಆಪತ್ತು ಯಾರಿಗೆ ಎಂದು ಕೇಳುವುದರೊಳಗೆ ಪಂಚಾಂಗ ಬಿಚ್ಚಿ ಕೂತರು.

೨೯ ಜೂನ್, ಸೋಮವಾರ

ರಾಯಚೂರಿಗೆ ಹೋಗಿ ಬಂದೆವು. ಬುರ್ಹಾನುದ್ದೀನ್ ಸಾಹೇಬರು ಸೌದಿ, ಕುವೈತಿಗೆ ಹೋಗುವವರಿಗೆ ಪಾಸ್‌ಪೋರ್ಟು, ಟಿಕೀಟು ಮಾಡಿಸಿಕೊಡುವವರು. ಸಾಲಿಯಲ್ಲಿ ಅಪ್ಪನ ಕೈಯಲ್ಲಿ ಏಟು ತಿಂದವರಂತೆ, ಇನ್ನೂ ನಿಂತುಕೊಂಡೇ ಮಾತಾಡುತ್ತಾರೆ. ಅವರ ಮೇಜಿನ ಗಾಜಿನ ಕೆಳಗೆ ಪ್ರಪಂಚದ ನಕ್ಷೆ ಇದೆ.

"ನೋಡ್ರಿ ಅಮ್ಮಾ, ಇದು ಬೊಂಬಾಯಿ. ಇಲ್ಲೀತನಾ ರೈಲು. ಇಲ್ಲಿಂದ ಹತ್ತು ತಾಸು ಆಕಾಶದಾಗ. ಆಮ್ಯಾಲೆ ಇಗಾ, ಲಂಡನ್." ಅವರ ಬೆರಳಿನಲ್ಲಿ ಒಂದು ಗೇಣೂ ಆಗಲಿಲ್ಲ. ಹತ್ತು ತಾಸು ಎಂದರೆ ಮಾನ್ವಿ-ರಾಯಚೂರು ಬಸ್ಸಿನಲ್ಲಿ ನಾಲ್ಕು ಸಲ ಹೋಗಿ ಬಂದಷ್ಟು. ಅದೇನು ದೊಡ್ಡದು!

ಮಡಿನೀರಿನ ತಂಬಿಗೆ ಒಯ್ಯಬಹುದೇ ಎಂದು ಕೇಳಿದೆ. ಬಾಯಿ ಬಿಗಿದು ಒಯ್ಯಿರಿ ಎಂದರು. ಕಿಟಕಿ ತೆಗೆಯಬಹುದೇ ಎಂದು ಕೇಳಿದೆ. ಅದಕ್ಕೆ ಮಾತ್ರ ನಕ್ಕರು. "ಟಿಕೀಟಿನ್ಯಾಗೇ ಹಿಂದೂ ವೆಜಿಟೇರಿಯನ್ ಅಂತ ಬರಸ್ತೀನ್ರಿ. ತತ್ತಿ ಮುಟ್ಟಿದ್ದು ತರಂಗಿಲ್ಲ." ತತ್ತಿ ಮುಟ್ಟಿದ ಕೈ ಮುಟ್ಟಿದ್ದು ಬರುತ್ತದಲ್ಲ, ಅದಕ್ಕೇನು ಮಾಡುವುದು. ನಾನು ಅವಲಕ್ಕಿ ಕಟ್ಟಿಕೊಂಡೇ ಹೋಗುತ್ತೇನೆ.

ಫೋಟೋ ತೆಗೆಸಿದರು. ಮದುವೆಯ ನಂತರ ಇದೇ ಮೊದಲು. ಆಮೇಲೆ ಒಂಬತ್ತು ಕಡೆ ಸಹಿ. ಕನ್ನಡದಲ್ಲೇ ಮಾಡಿದೆ. ಕೊನೆಯದೊಂದು ಹಾಳೆ ಫಾರಮ್ಮಿನಂತೆ ಇರಲಿಲ್ಲ, ಇಂಗ್ಲಿಷಿನಲ್ಲಿ ಟೈಪು ಮಾಡಿದ ಪತ್ರದ ಹಾಗಿತ್ತು. ಬುರ್ಹಾನುದ್ದೀನ್ ಸಾಹೇಬರು ಅದನ್ನು ಓದಿದರು, ನನ್ನ ಕಡೆ ನೋಡಿದರು.

"ಅಮ್ಮಾರು ಇದನ್ನ ಓದ್ಯಾರೇನ್ರಿ ಸರ್?"

"ಆಕಿಗೆ ಎಲ್ಲಾ ಹೇಳೇನಿ. ಸಹಿ ಮಾಡಸು," ಎಂದರು ಅಪ್ಪ.

ನನಗೆ ಏನೂ ಹೇಳಿರಲಿಲ್ಲ. ಆದರೆ ಮಂದಿಯ ಮುಂದೆ ಅಪ್ಪನ ಮಾತು ಸುಳ್ಳು ಮಾಡುವುದುಂಟೆ? ಸಹಿ ಮಾಡಿದೆ. ತಿರುಗಿ ಬರುವ ತಾರೀಖು ಏನು ಹಾಕಲಿ ಎಂದು ಕೇಳಿದರೆ ಅಪ್ಪ, "ಖಾಲಿ ಬಿಡು. ಅಲ್ಲಿಯವರು ಹೇಳತಾರ," ಎಂದರು. ಹೊರಡುವಾಗ ಸಾಹೇಬರು ಬಸ್ಸಿನವರೆಗೆ ಬಂದು ನನಗೊಂದು ಎಳನೀರು ಕೊಡಿಸಿದರು. ಒಮ್ಮೆಯೂ ಮುಖ ಎತ್ತಲಿಲ್ಲ.

೭ ಜುಲೈ, ಮಂಗಳವಾರ. ಪ್ರಥಮ ಏಕಾದಶಿ

ಇವತ್ತು ಆದದ್ದನ್ನು ಬರೆಯಲೇಬೇಕು. ಬೆಳಿಗ್ಗೆ ಅವ್ವ ಒಂದು ಲೋಟ ಹಾಲು, ಮೂರು ಬಾಳೆಹಣ್ಣು ತಂದು ನನ್ನ ಮುಂದೆ ಇಟ್ಟಳು. ಅವ್ವನಿಗೆ ತಿಥಿ ತಪ್ಪಿದೆ ಎಂದುಕೊಂಡೆ. ಈ ಮನೆಯಲ್ಲಿ ಏಕಾದಶಿಗೆ ನೀರನ್ನೂ ಮುಟ್ಟುವುದಿಲ್ಲ. ಹೋದ ವರ್ಷ ನನಗೆ ಜ್ವರ ಇದ್ದಾಗಲೂ ಮುಟ್ಟಿಸಿರಲಿಲ್ಲ.

"ಅವ್ವಾ, ಇವತ್ತು ಏಕಾದಶಿ."

"ಗೊತ್ತದ. ಅವರೇ ಕೊಡು ಅಂದಾರ."

ದೇವರಮನೆಯಿಂದ ಅಪ್ಪನ ಧ್ವನಿ ಬಂತು. "ಕುಡಿ. ಮೈಯಾಗ ಶಕ್ತಿ ಇರಬೇಕು."

ಮಠದಲ್ಲಿ ಮುದ್ರಾಧಾರಣೆ ಇತ್ತು. ಪ್ರತಿ ವರ್ಷ ಶಂಖ-ಚಕ್ರದ ಕಾದ ಮುದ್ರೆ ತೋಳಿಗೆ ಒತ್ತಿಸಿಕೊಳ್ಳಲು ಅಪ್ಪ ಮೊದಲು, ಹಿಂದೆ ನಾವಿಬ್ಬರು. ನಾನು ಸೀರೆ ಉಟ್ಟು ತಯಾರಾಗಿ ಬಂದರೆ ಬಾಗಿಲಲ್ಲೇ ತಡೆದರು. "ನೀ ಬರಬ್ಯಾಡ. ಮೈಮ್ಯಾಲೆ ಸುಟ್ಟ ಗಾಯ ಇರಬಾರದು."

ಅವರು ಹೋದ ಮೇಲೆ ಗೋಡೆಗೆ ಮುಖ ಮಾಡಿ ಕೂತು ಹಾಲು ಕುಡಿದೆ, ಮೂರೂ ಹಣ್ಣು ತಿಂದೆ. ಇಪ್ಪತ್ತಮೂರು ವರ್ಷದಲ್ಲಿ ಏಕಾದಶಿಗೆ ತಿಂದ ಮೊದಲ ತುತ್ತು. ಸುಳ್ಳು ಯಾಕೆ ಹೇಳಲಿ, ಬಹಳ ರುಚಿ ಇತ್ತು.

೧೩ ಜುಲೈ, ಸೋಮವಾರ

ದೇವದುರ್ಗ. ಪಾಸ್‌ಪೋರ್ಟಿನವರಿಗೆ ಆತ ಸತ್ತ ಬಗ್ಗೆ ಕಾಗದ ಬೇಕಂತೆ. ಕಚೇರಿಯಲ್ಲಿ ಹಳೆಯ ದಫ್ತರ ಹುಡುಕಿ ಕೊಟ್ಟರು. ಮೈದುನ ಸಾಕ್ಷಿ ಸಹಿ ಮಾಡಿದ, ಕುರ್ಚಿ ಕೊಟ್ಟ. "ಲಂಡನ್! ಪುಣ್ಯವಂತಿ ಬಿಡ್ರಿ ವೈನೀ," ಎಂದ. ಇದೇ ಮನೆಯಲ್ಲಿ ನನ್ನನ್ನು ಗಂಡನನ್ನು ತಿಂದವಳು ಎಂದಿದ್ದರು. ಆ ಪಡಸಾಲೆಯಲ್ಲಿ ಕೂತು ಸಾವಿನ ಕಾಗದ ಮಡಚುವಾಗ ಆತನ ಮುಖ ನೆನಪು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ಪಾಪ, ಒಳ್ಳೆಯವನಿದ್ದ.

ಬಸ್ಸು ಹತ್ತುವಾಗ ಮೆಟ್ಟಿಲಲ್ಲಿ ಕಾಲು ಜಾರಿ ಬಿದ್ದೆ. ಮೊಣಕಾಲು ತರಚಿತು, ಅಷ್ಟೇ. ಅಪ್ಪನ ಮುಖ ಸುಣ್ಣದ ಗೋಡೆಯಾಯಿತು. "ಬೆನ್ನಿಗೆ ಬಡೀತೇನು? ಸೊಂಟಕ್ಕ? ಖರೇ ಹೇಳು, ಸೊಂಟಕ್ಕ ಏನೂ ಆಗಿಲ್ಲಲ್ಲ?" ಎರಡು ವರ್ಷದ ಹಿಂದೆ ಕುದಿಯುವ ಸಾರು ಕೈಮೇಲೆ ಚೆಲ್ಲಿದಾಗ ಇವರು ಸಾರಿಗೆ ಎಷ್ಟು ಬೇಳೆ ದಂಡವಾಯಿತು ಎಂದಿದ್ದರು. ಇವತ್ತು ನನಗೆ ಕಿಟಕಿಯ ಕಡೆ ಜಾಗ ಹಿಡಿದುಕೊಟ್ಟು, ದಾಳಿಂಬೆ ಸುಲಿದು ಕೊಟ್ಟರು. ಅಪ್ಪನಿಗೆ ವಯಸ್ಸಾಯಿತು, ಮನಸ್ಸು ಮೆತ್ತಗಾಗಿದೆ ಎಂದುಕೊಂಡೆ. ಕಣ್ಣು ತುಂಬಿ ಬಂತು.

೨೬ ಜುಲೈ, ರವಿವಾರ

ಐದು ದಿನ ಹೈದರಾಬಾದಿನಲ್ಲಿದ್ದೆವು. ಲಂಡನ್ನಿಗೆ ಹೋಗುವವರ ಮೈ ಪರೀಕ್ಷೆ ಮಾಡಿಸಬೇಕೆಂದು ಅಲ್ಲಿಯ ಸರಕಾರದ ಕಾನೂನಂತೆ. ಎರಡೆರಡು ಸಲ ರಕ್ತ ತೆಗೆದರು. ಒಂದು ಹಗಲು, ಒಂದು ರಾತ್ರಿ ನಾನು ಮಾಡಿದ ಮೂತ್ರವನ್ನೆಲ್ಲ ಒಂದು ಕ್ಯಾನಿನಲ್ಲಿ ಹಿಡಿದಿಡಬೇಕಿತ್ತು! ಆ ಕ್ಯಾನನ್ನು ಅಪ್ಪ, ಕಂಡವರ ನೆರಳು ಬಿದ್ದರೂ ಸ್ನಾನ ಮಾಡುವ ಅಪ್ಪ, ಉತ್ತರೀಯದಲ್ಲಿ ಮುಚ್ಚಿಕೊಂಡು ರಿಕ್ಷಾದಲ್ಲಿ ತಂದರು. ನಗು ತಡೆಯಲಾರದೆ ಸೆರಗು ಕಚ್ಚಿಕೊಂಡೆ. ಇನ್ನೊಂದು ದಿನ ಕೈಗೆ ಸೂಜಿ ಚುಚ್ಚಿ ಏನೋ ಹರಿಸಿದರು, ಮೈಯೆಲ್ಲ ಬಿಸಿಯಾಯಿತು, ಆಮೇಲೆ ಹೊಟ್ಟೆಯ ಫೋಟೋ ತೆಗೆದರು.

ಡಾಕ್ಟರು ಅಪ್ಪನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿ, ನನ್ನ ಕಡೆ ತಿರುಗಿ "ವೆರಿ ಗುಡ್" ಎಂದರು. ಅಪ್ಪ ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟರು. ನಾನು ಯಾವ ಪರೀಕ್ಷೆಯಲ್ಲಾದರೂ ಪಾಸಾದೆ ಎಂದು ಅವರು ಅತ್ತದ್ದು ಇದೇ ಮೊದಲು.

ಚಾತುರ್ಮಾಸ್ಯ, ಮನೆಯಲ್ಲಿ ಕಾಯಿಪಲ್ಯೆ ವರ್ಜ್ಯ. ನನಗೊಬ್ಬಳಿಗೆ ಅವ್ವ ಬೇರೆ ಒಲೆಯಲ್ಲಿ ಮೆಂತ್ಯೆ ಪಲ್ಯ, ಗಜ್ಜರಿ ಪಲ್ಯ ಮಾಡಿ ಹಾಕುತ್ತಾಳೆ. ಬಡಿಸುವಾಗ ನನ್ನ ಮುಖ ನೋಡುವುದಿಲ್ಲ. ಈ ಮನೆಯವರಿಗೆಲ್ಲ ಏನಾಗಿದೆಯೋ!

೨ ಆಗಸ್ಟ್, ರವಿವಾರ

ನಮ್ಮ ಹಿತ್ತಿಲ ಗೋಡೆಯ ಆಚೆ ವಾಹಿದಾಳ ಮನೆ. ಸರಕಾರಿ ದವಾಖಾನೆಯಲ್ಲಿ ನರ್ಸು. ಹದಿನೈದು ವರ್ಷದಿಂದ ಗೋಡೆಯ ಮೇಲೆಯೇ ನಮ್ಮ ಸ್ನೇಹ. ಅಪ್ಪನಿಗೆ ಗೊತ್ತಿದೆ, ಗೊತ್ತಿಲ್ಲದವರ ಹಾಗೆ ಇರುತ್ತಾರೆ. ಬಕ್ರೀದ್ ಹತ್ತಿರ ಬಂತೆಂದು ಅವಳ ಅಂಗಳದಲ್ಲಿ ಹೋತ ಕಟ್ಟಿತ್ತು, ಹಸಿ ಸೊಪ್ಪು ತಿನ್ನುತ್ತಿತ್ತು. ನನಗೆ ನಡೆಯುತ್ತಿರುವ ಉಪಚಾರವನ್ನೆಲ್ಲ ಹೇಳಿದೆ.

"ನಮ್ಮ ಬಕ್ರಾಕ್ಕೂ ಇಷ್ಟು ಆರೈಕಿ ಇಲ್ಲ ಬಿಡಬೇ ಅಕ್ಕಾ," ಎಂದು ನಕ್ಕಳು.

ಇನ್ನಷ್ಟು ನಗಲಿ ಎಂದು ಕ್ಯಾನಿನ ಕತೆ ಹೇಳಿದೆ. ಅವಳು ನಗುವುದನ್ನು ನಿಲ್ಲಿಸಿದಳು. ಸೂಜಿ, ಬಿಸಿ, ಹೊಟ್ಟೆಯ ಫೋಟೋ ಎಲ್ಲ ಕೇಳಿಕೊಂಡಳು.

"ಅಕ್ಕಾ, ಲಂಡನ್ನಿಗೆ ಹೋಗಾಕ ಇವ್ಯಾವೂ ಬೇಕಾಗಂಗಿಲ್ಲ. ನಿನ್ನ ತಮ್ಮಗ ಏನಾಗೇದ? ಖರೇ ಹೇಳು."

"ಪಿತ್ತ ಅಂದಾರ."

"ಪಿತ್ತ ಅಂತ ಪಿತ್ತ!" ಗೋಡೆಯ ಮೇಲಿಂದ ಕೈ ಚಾಚಿ ನನ್ನ ಬೆನ್ನಿನ ಎಡಗಡೆ, ಪಕ್ಕೆಲುಬಿನ ಕೆಳಗೆ ಒತ್ತಿ ಹಿಡಿದಳು. "ಇಲ್ಲಿ ಇರ್ತದ ಮೂತ್ರಪಿಂಡ. ಎರಡು. ಒಬ್ಬರದು ಒಂದು ತಗದು ಇನ್ನೊಬ್ಬರಿಗೆ ಹಾಕ್ತಾರ. ಹಾಕೋ ಮುಂಚೆ ಹಿಂಗ ತಪಾಸಣಿ ಮಾಡ್ತಾರ. ನಿನ್ನ ಒಯ್ಯಾಕತ್ತಿದ್ದು ಅಡಗಿಗಲ್ಲಬೇ."

ಒಂದು ತೆಗೆದರೆ ಬದುಕುತ್ತಾರೆಯೇ ಎಂದು ಕೇಳಿದೆ.

"ಬಹಳ ಮಂದಿ ಬದುಕ್ತಾರ," ಎಂದಳು. ಕಣ್ಣಲ್ಲಿ ನೀರಿತ್ತು.

೩ ಆಗಸ್ಟ್

ಸ್ನಾನ ಮಾಡುವಾಗ ಮುಟ್ಟಿ ನೋಡಿಕೊಂಡೆ. ಏನೂ ಗೊತ್ತಾಗುವುದಿಲ್ಲ.

೫ ಆಗಸ್ಟ್, ಬುಧವಾರ. ಏಕಾದಶಿ

ಉಪವಾಸ ಮಾಡಿದೆ. ಹಾಲು ಬಂತು, ಸರಿಸಿದೆ. ಹಣ್ಣು ಬಂತು, ಸರಿಸಿದೆ. ನೀರನ್ನೂ ಮುಟ್ಟಲಿಲ್ಲ. ಅಪ್ಪ ಮಠಕ್ಕೆ ಹೋಗಿದ್ದರು. ಮಧ್ಯಾಹ್ನದ ಹೊತ್ತಿಗೆ ಅವ್ವ ನನ್ನ ಗದ್ದ ಹಿಡಿದು ಬೇಡಿಕೊಳ್ಳತೊಡಗಿದಳು.

"ನೀರರ ಕುಡಿಯವಾ. ಮೂತ್ರಪಿಂಡಕ್ಕ ನೀರು ಬೇಕಂತ..." ಎಂದವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು.

ಆಮೇಲೆ ಎಲ್ಲ ಹೇಳಿದಳು. ಒಂದು ವರ್ಷದಿಂದ ವಾದಿಗೆ ಎರಡೂ ಕೆಟ್ಟಿವೆಯಂತೆ. ವಾ‌ರಕ್ಕೆ ಮೂರು ಸಲ ಯಂತ್ರಕ್ಕೆ ಹಚ್ಚಿ ರಕ್ತ ತೊಳೆಯುತ್ತಾರಂತೆ. ಅವ್ವನ ರಕ್ತ ಹೊಂದಲಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ, ಬರುವುದಿಲ್ಲ. ಉಳಿದವಳು ನಾನು.

"ನನ್ನ ಒಂದು ಮಾತು ಕೇಳಿದ್ರ ಏನಾಗತಿತ್ತವ್ವಾ?"

"ನೀ ಒಲ್ಲೆ ಅಂದ್ರ?"

ಎಂಟು ವರ್ಷದ ಕೂಸನ್ನು ನನ್ನ ಮಡಿಲಿಗೆ ಹಾಕಿದವಳು ಇವಳು. ನಾನು ಅವನಿಗೆ ಒಲ್ಲೆ ಅನ್ನುತ್ತೇನೆ ಎಂದುಕೊಂಡಿದ್ದಾಳೆ. ಹಾಗೆ ಅನ್ನಿಸಿತೇನು ನಿನಗೆ ಎಂದು ಕೇಳಿದರೆ ಅವ್ವ ಸೆರಗಿನಿಂದ ನೆಲ ಒರೆಸುತ್ತ ಕೂತಳು. ವಾದಿಯೂ ನನ್ನನ್ನು ಕೇಳಲಿಲ್ಲವಲ್ಲ. ಅದನ್ನು ನೆನೆದು ಅತ್ತೆ.

೧೨ ಆಗಸ್ಟ್, ಬುಧವಾರ

ವಾದಿಯ ಜೊತೆ ಮಾತಾಡದೆ ಹೊಸಿಲು ದಾಟುವುದಿಲ್ಲ ಎಂದು ಅವ್ವನ ಕೈಲಿ ಹೇಳಿ ಕಳಿಸಿದ್ದೆ. ಅಪ್ಪ ಬೇರೆ ದಾರಿ ಕಾಣದೆ ರಾಯಚೂರಿಗೆ ಕರೆದೊಯ್ದು ಟ್ರಂಕ್ ಕಾಲ್ ಬುಕ್ ಮಾಡಿಸಿದರು. ಬೆಳಿಗ್ಗೆಯಿಂದ ಟೆಲಿಫೋನ್ ಕಚೇರಿಯ ಬೆಂಚಿನ ಮೇಲೆ ಕೂತು ಕೂತು ಎರಡು ಗಂಟೆಗೆ ಲೈನು ಸಿಕ್ಕಿತು. ಮೂರೇ ನಿಮಿಷ. ನಾನು ಗಾಜಿನ ಬಾಗಿಲು ಹಾಕಿಕೊಂಡೆ. ಅಪ್ಪ ಹೊರಗೆ, ಗಾಜಿಗೆ ಮೂಗು ಹಚ್ಚಿ ನಿಂತಿದ್ದರು.

"ಅಕ್ಕಾ! ನಿನ್ನ ಪತ್ರ ದಿನಾ ಓದತೀನಿ. ನೀನೇ ಆಗಿ ಕೊಡತೀನಿ ಅಂತ ಬರದ್ಯಲ್ಲ, ನನಗ ಕೇಳೋ ಧೈರ್ಯ ಇರಲಿಲ್ಲಕ್ಕಾ."

ಒಂಬತ್ತನೆಯ ಸಹಿ, ಟೈಪು ಮಾಡಿದ ಆ ಹಾಳೆ. ಆ ಪತ್ರ ನಾನು ಬರೆದದ್ದಲ್ಲ ಎಂದರೆ ಅವನು ನನ್ನದನ್ನು ಮುಟ್ಟುವುದಿಲ್ಲ, ಅವನ ಹಟ ನನಗೆ ಗೊತ್ತು. ಮುಟ್ಟದಿದ್ದರೆ ಸಾಯುತ್ತಾನೆ. ಹೂಂ ಎಂದೆ.

"ನೋಯ್ತದಕ್ಕಾ. ನಿನಗ ನನಗಿಂತ ಹೆಚ್ಚು ನೋಯ್ತದಂತ. ಇನ್ನೊಂದು ಮಾತು. ಇಲ್ಲಿ ಡಾಕ್ಟರು ಒಂದು ಖೋಲ್ಯಾಗ ನಿನ್ನ ಒಬ್ಬಾಕಿನ್ನೇ ಕೂಡಿಸಿ ಕೇಳತಾರ. ಕನ್ನಡ ಬಲ್ಲವರನ್ನ ಕರಸತಾರ. ಯಾರೂ ಇರಂಗಿಲ್ಲ, ನಾನೂ ಇರಂಗಿಲ್ಲ. ನೀ ಬ್ಯಾಡ ಅಂದ್ರ ಹೊಂದಾಣಿಕಿ ಆಗಲಿಲ್ಲ ಅಂತ ಎಲ್ಲಾರಿಗೂ ಹೇಳಿಬಿಡತಾರ. ಯಾಕ ಬ್ಯಾಡ ಅಂದಿ ಅಂತ ಯಾರಿಗೂ ತಿಳಿಯಂಗಿಲ್ಲ, ನನಗೂ. ಇದು ನಿನಗ ಗೊತ್ತಿರಲಿ ಅಂತ..."

ಅಷ್ಟರಲ್ಲಿ ಲೈನು ಹೋಯಿತು. ಹೊರಗೆ ಬಂದೆ. ಏನಂದ ಎಂಬ ಮಾತು ಅಪ್ಪನ ತುಟಿಯವರೆಗೆ ಬಂದಿತ್ತು. ಚೆನ್ನಾಗಿದ್ದಾನಂತೆ ಎಂದೆ.

೧೩ ಆಗಸ್ಟ್, ಗುರುವಾರ

ಅಪ್ಪ ಊಟಕ್ಕೆ ಕೂತರೆ ಮೌನ. ಆಪೋಶನ ತೆಗೆದುಕೊಂಡ ಮೇಲೆ ಊಟ ಮುಗಿಯುವವರೆಗೆ ತುಟಿ ಬಿಚ್ಚುವುದಿಲ್ಲ. ಬಿಚ್ಚಿದರೆ ಎಲೆ ಬಿಟ್ಟು ಏಳಬೇಕು. ಉಪನಯನದಿಂದ ಬಂದ ನೇಮ. ಉಪ್ಪು ಬೇಕಾದರೂ ಬೆರಳಿನ ಸನ್ನೆ. ಇವತ್ತು ಅವರು ಅನ್ನಕ್ಕೆ ತುಪ್ಪ ಹಾಕಿಸಿಕೊಂಡು ಎರಡನೇ ತುತ್ತು ಎತ್ತುವವರೆಗೆ ಕಾದೆ.

"ಅಲ್ಲಿ ಡಾಕ್ಟರು ನನ್ನ ಒಬ್ಬಾಕಿನ್ನೇ ಕೂಡಿಸಿ ಕೇಳತಾರಂತ," ಎಂದೆ, ಸಾರಿನ ಸೌಟು ಹಿಡಿದು. "ಹೂಂ ಅಂದ್ರ ತಗೀತಾರ. ಊಹೂಂ ಅಂದ್ರ ಹೊಂದಲಿಲ್ಲ ಅಂತ ಹೇಳಿ ಕಳಸತಾರ. ಯಾರಿಗೂ ಕಾರಣ ಹೇಳಂಗಿಲ್ಲಂತ. ಹಿಂಗ ಕಾನೂನು ಅದ. ಇದು ಮಾತ್ರ ಖರೇ ಕಾನೂನು."

ತುತ್ತು ಎಲೆಯ ಮೇಲೆಯೇ ನಿಂತಿತು. ಅಪ್ಪ ತಲೆ ಎತ್ತಿ ನನ್ನ ಮುಖ ನೋಡಿದರು. ನೋಡಿದರು ಎಂದರೆ ನೆಟ್ಟಗೆ ನೋಡಿದರು. ನಾನು ಅವಸರ ಮಾಡಲಿಲ್ಲ.

"ಸಾರು ಹಾಕಲೇನು?"

"ಏನಂತೀ ನೀ!" ಎಂದುಬಿಟ್ಟರು ಅಪ್ಪ.

ಮಾತು ಬಂತಲ್ಲ, ಏಳಬೇಕಾಯಿತು. ಹಿತ್ತಿಲಿಗೆ ಹೋಗಿ ಕೈ ತೊಳೆದರು. ಆಮೇಲೆ ನಾನು, ಅವ್ವ ಕೂತೆವು. ಅವ್ವ ಉಣ್ಣಲಿಲ್ಲ. ಸಾರು ಬಹಳ ಚೆನ್ನಾಗಿ ಆಗಿತ್ತು, ನಾನು ಎರಡು ಸಲ ಹಾಕಿಸಿಕೊಂಡೆ.

೧೭ ಆಗಸ್ಟ್, ಸೋಮವಾರ

ಅಪ್ಪ ಈಗ ನನ್ನ ಹಿಂದೆ ಮುಂದೆ ಸುಳಿಯುತ್ತಾರೆ, ಕೇಳುವುದಿಲ್ಲ. ಅವ್ವನನ್ನು ಎರಡು ಸಲ ಕಳಿಸಿದರು. "ಏನ್ ಹೇಳತೀಯವಾ ಅಲ್ಲಿ?" ಎಂದು ಅವ್ವ ಕೇಳಿದರೆ, "ಕೇಳಿದಾಗ ನೋಡೋಣ," ಎಂದೆ. ಪಡಸಾಲೆಯ ತೂಗುಮಂಚದ ಮೇಲೆ ಕೂತು ಹೇಳಿದೆ. ಅದು ಅಪ್ಪನ ಜಾಗ. ಈಗ ಅವರು ಚಾಪೆಯ ಮೇಲೆ ಕೂಡುತ್ತಾರೆ, ನೆಲ ತಣ್ಣಗಿದೆ ಎನ್ನುತ್ತಾರೆ.

ಇವತ್ತು ಅವರನ್ನು ಕರೆದು, ನಾನು ಬರೆದ ಪತ್ರವನ್ನು ನನಗೆ ಓದಿ ಹೇಳಿರಿ ಎಂದೆ. ಪೆಟ್ಟಿಗೆಯಲ್ಲಿ ನಕಲು ಇತ್ತು. ಕನ್ನಡದಲ್ಲಿ ಓದಿದರು. "ನನಗೆ ಗಂಡನಿಲ್ಲ, ಮಕ್ಕಳಿಲ್ಲ. ಇಷ್ಟು ವರ್ಷ ನನ್ನ ದೇಹದಿಂದ ಯಾರಿಗೂ ಏನೂ ಉಪಯೋಗವಾಗಿಲ್ಲ. ಈಗ ಆಗುವುದಾದರೆ ಅದು ನನ್ನ ಭಾಗ್ಯ."

ಇನ್ನೊಮ್ಮೆ ಓದಿರಿ ಎಂದೆ. ಓದಿದರು. ಧ್ವನಿ ಬಿರಿಯಿತು. ನೀರು ತರಿಸಿಕೊಟ್ಟು ಮತ್ತೊಮ್ಮೆ ಓದಿಸಿದೆ. ಇಪ್ಪತ್ತಮೂರು ವರ್ಷ ಇವರ ಮಡಿನೀರು ಸೇದಿದ್ದು, ಇವರ ಮಗನಿಗೆ ಎರೆದು ಉಣ್ಣಿಸಿದ್ದು ಯಾರ ದೇಹ? ಹಾಗೆ ಕೇಳಬೇಕೆಂದಿದ್ದೆ, ಕೇಳಲಿಲ್ಲ. "ಚಂದ ಬರದೀರಿ," ಎಂದೆ. ಮುದುಕರು ನಕಲನ್ನು ನಾಲ್ಕಾಗಿ ಮಡಚಿ ಪೆಟ್ಟಿಗೆಯ ತಳಕ್ಕೆ ಇಟ್ಟರು.

ವಾಹಿದಾಗೆ ಗೋಡೆಯ ಮೇಲೆ ಇದನ್ನೆಲ್ಲ ನಕ್ಕು ನಕ್ಕು ಹೇಳಿದೆ. ಅವಳು ನಗಲಿಲ್ಲ. "ಮುದುಕ ಸಾಯ್ತಾನ ನೋಡಬೇ," ಎಂದಳು. ಇತ್ತೀಚೆಗೆ ಅವಳಿಗೇನೋ ಆಗಿದೆ, ಮೊದಲಿನ ಹಾಗಿಲ್ಲ.

೨೫ ಆಗಸ್ಟ್, ಮಂಗಳವಾರ

ತಂತಿ ಬಂತು. ವಾದಿಯನ್ನು ಮತ್ತೆ ಆಸ್ಪತ್ರೆಗೆ ಸೇರಿಸಿದ್ದಾರಂತೆ, ಬೇಗ ಕಳಿಸಿರಿ ಎಂದು ಅವನ ಗೆಳೆಯ ಕೊಟ್ಟದ್ದು. ಬುರ್ಹಾನುದ್ದೀನ್ ಸಾಹೇಬರು ಬೆಂಗಳೂರಿನಿಂದ ಪಾಸ್‌ಪೋರ್ಟು, ಬೊಂಬಾಯಿಯಿಂದ ವೀಸಾ ತಂದಿದ್ದಾರೆ. ಆಸ್ಪತ್ರೆಯ ಪತ್ರ ಇದ್ದದ್ದರಿಂದ ಲಗೂನೆ ಆಯಿತಂತೆ. ಟಿಕೀಟು ಸೆಪ್ಟೆಂಬರ್ ಎರಡಕ್ಕೆ. ಅಪ್ಪನಿಗೆ ಸಕ್ಕರೆ ಏರಿದೆ, ರೈಲಿನಲ್ಲಿ ಬರಲಾರರು. ಕುವೈತಿಗೆ ಹೋಗುವ ನಾಲ್ವರನ್ನು ಬಿಡಲು ಸಾಹೇಬರು ಬೊಂಬಾಯಿಗೆ ಹೋಗುತ್ತಾರೆ, ನನ್ನನ್ನೂ ಅವರೇ ವಿಮಾನ ಹತ್ತಿಸುತ್ತಾರೆ.

ಪೆಟ್ಟಿಗೆ ತುಂಬಿದೆ. ಎರಡು ಉಣ್ಣೆ ಸ್ವೆಟರು, ಆರು ಸೀರೆ, ಹುರಿದ ಅವಲಕ್ಕಿ, ವಾದಿಗೆ ಪುಟಾಣಿ ಚಟ್ನಿಪುಡಿ. ಅವನಿಗೆ ಈಗ ಉಪ್ಪು ನಡೆಯುವುದಿಲ್ಲವಂತೆ, ಉಪ್ಪಿಲ್ಲದೇ ಕುಟ್ಟಿದೆ. ಅಪ್ಪ ಚಾಪೆಯ ಮೇಲೆ ಕೂತು ನೋಡುತ್ತಿದ್ದರು. ಚಟ್ನಿಪುಡಿಯ ಡಬ್ಬಿ ಇಟ್ಟಾಗ ಅವರ ಮುಖದಲ್ಲಿ ಆಸೆ ಕಂಡಿತು. ಕಂಡ ಕೂಡಲೇ ಡಬ್ಬಿ ಹೊರಗೆ ತೆಗೆದಿಟ್ಟೆ. ಅವರು ಒಳಗೆ ಹೋದ ಮೇಲೆ ಮತ್ತೆ ಹಾಕಿದೆ.

೩೧ ಆಗಸ್ಟ್, ಸೋಮವಾರ. ಬೊಂಬಾಯಿ ಗಾಡಿಯಲ್ಲಿ

ಗಾಡಿ ಅಲುಗುತ್ತದೆ, ಅಕ್ಷರ ಸೊಟ್ಟ ಬರುತ್ತಿವೆ.

ಬೆಳಿಗ್ಗೆ ರಾಯಚೂರು ಸ್ಟೇಷನ್ನಿಗೆ ಅಪ್ಪ ಅವ್ವ ಇಬ್ಬರೂ ಬಂದರು. ಅವ್ವ ಬೆಂಚಿನ ಮೇಲೆ ಕೂತು ಅಳುತ್ತಲೇ ಇದ್ದಳು. ಅಪ್ಪ ನನ್ನ ಕಿಟಕಿಯ ಸರಳು ಹಿಡಿದು ನಿಂತರು. ನೀರು ಕುಡಿ, ತಣ್ಣನೆಯ ಗಾಳಿಗೆ ಹೋಗಬೇಡ, ಮೆಟ್ಟಿಲು ನೋಡಿ ಇಳಿ ಎಂದು ಒಂದೇ ಸಮ ಹೇಳುತ್ತಿದ್ದರು. ಸಿಳ್ಳೆ ಆಯಿತು. ಗಾಡಿ ಜಗ್ಗಿತು. ಆಗ ಕೇಳಿದರು.

"ಅಹಲ್ಯಾ, ಅಲ್ಲಿ ಕೇಳಿದ್ರ ಏನ್ ಹೇಳತೀಯವಾ?"

ಸುತ್ತ ಮಂದಿ ಇದ್ದರು. ಸರಳು ಬಿಟ್ಟು ಎರಡೂ ಕೈ ಜೋಡಿಸಿದರು. ನನಗೆ, ಅಪ್ಪ.

"ಹಿಂದ ಸರೀರಿ, ಗಾಡಿ ಹೊಂಟದ," ಎಂದೆ.

ಹೂಂ ಎಂದೇ ಹೇಳುತ್ತೇನೆ. ಇವತ್ತಿಗಂತೂ ಅದೇ ಮನಸ್ಸು. ನೋಯ್ತದಕ್ಕಾ ಎಂದು ವಾದಿ ಮುಚ್ಚಿಡದೆ ಅಂದಾಗಲೇ ನನ್ನ ಮಟ್ಟಿಗೆ ಅದು ಮುಗಿದಿತ್ತು. ಅಪ್ಪನಿಗೆ ಅಷ್ಟು ಹೇಳಲು ಒಂದು ಉಸಿರು ಸಾಕಿತ್ತು. ಅವರು ಗಾಡಿಯ ಜೊತೆ ಓಡಿ ಬಂದರು, ಎಪ್ಪತ್ತೊಂದು ವರ್ಷದ ಮುದುಕರು, ಉತ್ತರೀಯ ಜಾರಿ ಬಿತ್ತು, ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಯಾರೋ ಹಿಡಿದು ನಿಲ್ಲಿಸಿದರು. ನನಗೆ ಸಂತೋಷ ಆಯಿತು. ನಾಚಿಕೆಯಾಗಬೇಕು, ಆಗುತ್ತಿಲ್ಲ. ಆಪರೇಷನ್ನಿಗೆ ಇನ್ನು ಹದಿನೆಂಟು ದಿನ ಇದೆಯಂತೆ. ಹದಿನೆಂಟು ದಿನವೂ ಅವರು ಎಲೆಯ ಮುಂದೆ ಕೂತು ನನ್ನ ಬಾಯಿಂದ ಏನು ಬಂದೀತು ಎಂದು ನೆನೆಯುತ್ತಾರೆ. ಅವ್ವನೂ ನೆನೆಯುತ್ತಾಳೆ ಎಂಬುದು ಯಾದಗಿರಿ ದಾಟಿದ ಮೇಲೆ ಹೊಳೆಯಿತು.

ವಾಡಿಯಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಬುರ್ಹಾನುದ್ದೀನ್ ಸಾಹೇಬರು ಕುವೈತಿನ ಹುಡುಗರ ಮನೆಗಳಿಗೆಲ್ಲ ಒಂದೊಂದು ಕಾರ್ಡು ಬರೆದು, ಒಂದನ್ನು ಉಳಿಸಿಕೊಂಡು ನನ್ನ ಎದುರಿಗೆ ಬಂದು ಕೂತರು. ಅಪ್ಪ ಅವರ ಕೈಹಿಡಿದು ಏನೋ ಕೇಳಿಕೊಂಡಿದ್ದರೆಂದು ಕಾಣುತ್ತದೆ.

"ಮಾಸ್ತರಿಗೆ ಒಂದು ಕಾರ್ಡ್ ಹಾಕ್ತೀನ್ರಿ ಅಮ್ಮಾ. ಏನ್ ಬರೀಲ್ರಿ?"

ಅವರ ಪೆನ್ನು ಕಾರ್ಡಿನ ಮೇಲೆ ಕಾಯುತ್ತಿತ್ತು.

"ವಾಡಿಗೆ ಬಂದಿವಿ, ಆರಾಮದೀವಂತ ಬರೀರಿ."

"ಮತ್ತ?"

"ಮತ್ತೇನಿಲ್ಲ."

ಬರೆದರು. ಇಳಿದು ಹೋಗಿ, ಜನರ ನಡುವೆ ದಾರಿ ಮಾಡಿಕೊಂಡು, ಕೆಂಪು ಡಬ್ಬಿಗೆ ಹಾಕಿ ಬಂದರು. ಅಷ್ಟು ಹೊತ್ತೂ ಕಿಟಕಿಯಿಂದ ನೋಡುತ್ತಲೇ ಇದ್ದೆ. ಕೂಗಿದ್ದರೆ ಅವರಿಗೆ ಕೇಳಿಸುತ್ತಿತ್ತು, ಕೂಗಲಿಲ್ಲ.